ಕಾಲುವೆ ಸೀಮೆಯ ಚರಿತ್ರೆಯನ್ನು ದುಡಿದವರ ಕಡೆಯಿಂದ ಬರೆಯುವ ಕಾಲ ಮುಗಿದಿದೆಯೇ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ನಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿದೆ. ಮೊದಲು ಜೋಳ, ಹತ್ತಿ ಬೆಳೆಯುತ್ತಿದ್ದ ಊರು. ಕಾಲುವೆ ಬಂದ ಮೇಲೆ ಸುತ್ತಲೂ ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳಾದವು. ನಮ್ಮ ಅಜ್ಜ ಗೌಡರ ಮನೆಯಲ್ಲಿ ವರ್ಷದ ಸಂಬಳಕ್ಕಿದ್ದವರು. ತಾಯಿ ಈಗಲೂ ಭತ್ತದ ನಾಟಿಗೆ ಹೋಗುತ್ತಾರೆ. ಬೇಸಿಗೆ ಬಂದರೆ ನಮ್ಮ ಓಣಿಯ ಬಹುಪಾಲು ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಈ ಊರಿನ 70 ವರ್ಷಗಳ ಚರಿತ್ರೆಯನ್ನು ಸಮಾಜವಾದಿ ದೃಷ್ಟಿಯಿಂದ ಬರೆದು ಪಿಎಚ್.ಡಿ.ಗೆ ಸಲ್ಲಿಸಬೇಕೆಂದಿದ್ದೇನೆ. ಆದರೆ ಒಬ್ಬ ಹಿರಿಯ ಪ್ರಾಧ್ಯಾಪಕರು ‘ಸೋವಿಯತ್ ಒಕ್ಕೂಟದ ಜೊತೆಗೇ ಆ ಬಗೆಯ ಚರಿತ್ರೆ ಮುಗಿಯಿತು’ ಎಂದರು. ಸಹೋದ್ಯೋಗಿಯೊಬ್ಬರು ‘ಅದು ಚರಿತ್ರೆಯಲ್ಲ, ಪ್ರಚಾರ’ ಎನ್ನುತ್ತಾರೆ. ಕೂಲಿಕಾರರ ಸಂಘಟನೆಯ ಗೆಳೆಯರು ‘ವರ್ಗದ ಬಗ್ಗೆ ಬರೆಯಿರಿ, ಜಾತಿಯನ್ನು ತಂದರೆ ಒಗ್ಗಟ್ಟು ಒಡೆಯುತ್ತದೆ’ ಎನ್ನುತ್ತಾರೆ. ನಮ್ಮ ಓಣಿಯವರ ಬಗ್ಗೆ ಒಂದು ಕಾಗದವೂ ಇಲ್ಲ. ನಾನು ಮುಂದುವರಿಯಬೇಕೇ? ಮುಂದುವರಿದರೆ ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ದೃಷ್ಟಿ ಇನ್ನೂ ಜೀವಂತವಾಗಿದೆಯೇ, ಅದನ್ನು ಹಿಡಿದು ಬರೆದದ್ದು ವಿದ್ವತ್ತು ಎನಿಸಿಕೊಳ್ಳುತ್ತದೆಯೇ, ಜಾತಿಯನ್ನು ಎಲ್ಲಿಡಬೇಕು, ಕಾಗದವಿಲ್ಲದವರ ಚರಿತ್ರೆಗೆ ಆಧಾರವೇನು. ಇವುಗಳ ಅಡಿಯಲ್ಲಿ ನೀವು ಬಿಡಿಸಿ ಹೇಳದ ಇನ್ನೊಂದು ಅಂಜಿಕೆಯೂ ಇದೆಯೆಂದು ನನಗೆ ತೋರುತ್ತದೆ: ಅಜ್ಜನ ಮತ್ತು ತಾಯಿಯ ಬದುಕನ್ನು ಒಂದು ಸಿದ್ಧಾಂತದ ಉದಾಹರಣೆಯ ಮಟ್ಟಕ್ಕೆ ಕುಗ್ಗಿಸಿಬಿಟ್ಟೇನೇ ಎಂಬುದು. ಬರೆಯುವಷ್ಟು ಕಾಲವೂ ಈ ಅಂಜಿಕೆಯನ್ನು ಕೈಬಿಡಬೇಡಿ. ಮುಂದುವರಿಯಬೇಕೇ ಎಂದು ಕೇಳಿದ್ದೀರಿ, ಖಂಡಿತವಾಗಿ ಮುಂದುವರಿಯಬೇಕು. ಸಮಾಜವಾದಿ ಚರಿತ್ರಕಾರರು ಕೇಳಿದ ಪ್ರಶ್ನೆಗಳನ್ನು, ಅಂದರೆ ಯಾರು ದುಡಿದರು, ಯಾವುದರ ಮೇಲೆ ಯಾರಿಗೆ ಒಡೆತನವಿತ್ತು, ಉಂಡು ಮಿಕ್ಕದ್ದು ಯಾರ ಕಣಜ ಸೇರಿತು ಎಂಬ ಪ್ರಶ್ನೆಗಳನ್ನು ನಿಮ್ಮವಾಗಿಸಿಕೊಳ್ಳಿ. ಅವರಲ್ಲಿ ಕೆಲವರು ಮೊದಲೇ ಬರೆದಿಟ್ಟುಕೊಂಡಿದ್ದ ಉತ್ತರಗಳನ್ನು ಮಾತ್ರ ಎರವಲು ತರಬೇಡಿ.

ಮೊದಲು ಪ್ರಾಧ್ಯಾಪಕರ ಮಾತನ್ನು ನೋಡೋಣ. 1991ರಲ್ಲಿ ಮುಗಿದದ್ದು ಒಂದು ಪ್ರಭುತ್ವ, ಮತ್ತು ಆ ಪ್ರಭುತ್ವ ತನಗೆ ಬೇಕಾದಂತೆ ಬರೆಸಿಕೊಂಡಿದ್ದ ಚರಿತ್ರೆ. 1938ರಲ್ಲಿ ಸ್ಟಾಲಿನ್ ಕಾಲದಲ್ಲಿ ಹೊರಬಂದ ಪಕ್ಷದ ಅಧಿಕೃತ ಪಠ್ಯವು ಆದಿಮ ಸಮುದಾಯ, ಗುಲಾಮಗಿರಿ, ಊಳಿಗಮಾನ್ಯ, ಬಂಡವಾಳಶಾಹಿ, ಸಮಾಜವಾದ ಎಂಬ ಐದು ಮೆಟ್ಟಿಲುಗಳನ್ನು ಎಲ್ಲ ನಾಡುಗಳಿಗೂ ಹೊಂದುವ ನಿಯಮವೆಂಬಂತೆ ಮುಂದಿಟ್ಟಿತು. ಆ ಪ್ರಭುತ್ವ ತನ್ನವರನ್ನೂ ಬಿಡಲಿಲ್ಲ: ಕ್ರಾಂತಿಯ ನಂತರದ ಪ್ರಮುಖ ಮಾರ್ಕ್ಸ್‌ವಾದಿ ಚರಿತ್ರಕಾರ ಪೊಕ್ರೊವ್‌ಸ್ಕಿ 1932ರಲ್ಲಿ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅವರ ಪಂಥವನ್ನೇ ತಪ್ಪುದಾರಿಯೆಂದು ಸಾರಲಾಯಿತು. ಆದರೆ ಈ ಪರಂಪರೆಯ ನಾವು ಇಂದಿಗೂ ಓದುವ ಕೃತಿಗಳು ಬಂದದ್ದು ಇಂಥ ಅಪ್ಪಣೆಗಳನ್ನು ಒಪ್ಪದವರಿಂದ. ಇಂಗ್ಲೆಂಡಿನ ಇ.ಪಿ. ಥಾಂಪ್ಸನ್ 1956ರಲ್ಲಿ ಹಂಗೆರಿಯ ಮೇಲಿನ ಸೋವಿಯತ್ ದಾಳಿಯ ಹೊತ್ತಿಗೆ ಕಮ್ಯುನಿಸ್ಟ್ ಪಕ್ಷವನ್ನು ಬಿಟ್ಟರು. ಕೈಮಗ್ಗದ ನೇಕಾರರು, ಕುಶಲಕರ್ಮಿಗಳು, ಗ್ರಾಮೀಣ ಕೂಲಿಗಳು ತಮ್ಮನ್ನು ತಾವು ಹೇಗೆ ಒಂದು ವರ್ಗವಾಗಿ ಕಂಡುಕೊಂಡರು ಎಂಬುದನ್ನು ಕುರಿತ ಅವರ ದೊಡ್ಡ ಕೃತಿ ಬಂದದ್ದು ಆಮೇಲೆ, 1963ರಲ್ಲಿ.

ನಮ್ಮಲ್ಲಿಯೂ ಹೀಗೆಯೇ ನಡೆಯಿತು. ಕಮ್ಯುನಿಸ್ಟ್ ನಾಯಕ ಎಸ್.ಎ. ಡಾಂಗೆ 1949ರಲ್ಲಿ ಭಾರತದ ಪ್ರಾಚೀನ ಚರಿತ್ರೆಯನ್ನು ಆದಿಮ ಸಮುದಾಯದಿಂದ ಗುಲಾಮಗಿರಿಗೆ ಸಾಗಿದ ಕಥೆಯಾಗಿ ಬರೆದಾಗ, ಅದನ್ನು ಎಲ್ಲರಿಗಿಂತ ಕಟುವಾಗಿ ವಿಮರ್ಶಿಸಿದವರು ಮಾರ್ಕ್ಸ್‌ವಾದಿಯೇ ಆಗಿದ್ದ ಗಣಿತಜ್ಞ ಡಿ.ಡಿ. ಕೊಸಾಂಬಿ. ಗ್ರೀಸ್ ಮತ್ತು ರೋಮಿನಲ್ಲಿದ್ದ ಬಗೆಯ ಗುಲಾಮಗಿರಿಯ ಘಟ್ಟವೊಂದು ಭಾರತದಲ್ಲಿ ಇರಲಿಲ್ಲವೆಂಬುದು ಅವರ ನಿಲುವಾಗಿತ್ತು. ಉತ್ಪಾದನೆಯ ಸಾಧನಗಳು ಮತ್ತು ಸಂಬಂಧಗಳು ಕಾಲಾನುಕ್ರಮದಲ್ಲಿ ಬದಲಾದ ಬಗೆಯನ್ನು ನಿರೂಪಿಸುವುದೇ ಚರಿತ್ರೆ ಎಂದು ಹೇಳಿದ ಅದೇ ಕೊಸಾಂಬಿ, ಆ ಬದಲಾವಣೆ ಇಲ್ಲಿ ಹೇಗಾಯಿತೆಂದು ತಿಳಿಯಲು ಊರೂರು ನಡೆದು, ನಾಣ್ಯಗಳನ್ನು ತೂಗಿ, ಗ್ರಾಮದೇವತೆಗಳ ನೆಲೆಗಳನ್ನು ಹುಡುಕಿದರು. ಆಮೇಲೆ ಆರ್.ಎಸ್. ಶರ್ಮಾ ಅವರು ಭೂದಾನದ ಶಾಸನಗಳನ್ನು ಆಧರಿಸಿ ಭಾರತೀಯ ಊಳಿಗಮಾನ್ಯ ಪದ್ಧತಿಯ ವಾದವನ್ನು 1965ರಲ್ಲಿ ಪುಸ್ತಕರೂಪದಲ್ಲಿ ಮಂಡಿಸಿದರೆ, 1979ರಲ್ಲಿ ಹರಬನ್ಸ್ ಮುಖಿಯಾ ಅವರು ಭಾರತದ ಚರಿತ್ರೆಯಲ್ಲಿ ಊಳಿಗಮಾನ್ಯವೆಂಬುದು ಇತ್ತೇ ಎಂದು ನೇರವಾಗಿ ಕೇಳಿ ವರ್ಷಗಳ ಕಾಲ ನಡೆದ ಚರ್ಚೆಯನ್ನು ಎಬ್ಬಿಸಿದರು. ಒಳಗಿನವರೇ ಇಷ್ಟು ಗಟ್ಟಿಯಾಗಿ ಜಗಳವಾಡಿದ ಪರಂಪರೆಯನ್ನು ಒಂದೇ ಸೂತ್ರಕ್ಕೆ ಕಟ್ಟಿ, ಆ ಸೂತ್ರ ಹರಿಯಿತೆಂದು ಇಡೀ ಪರಂಪರೆಯನ್ನು ಸತ್ತದ್ದೆಂದು ಸಾರುವುದು ಸರಿಯಾದ ಓದಲ್ಲ.

ನಿಮ್ಮ ಸಹೋದ್ಯೋಗಿಯ ಆಕ್ಷೇಪವನ್ನು ನಾನು ಇದಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇನೆ, ಏಕೆಂದರೆ ಅದು ಕೆಲವೊಮ್ಮೆ ನಿಜವಾಗಿದೆ. ಪಕ್ಷಪಾತವಿಲ್ಲದ ಪ್ರಶ್ನೆ ಯಾವ ಚರಿತ್ರಕಾರನಲ್ಲಿಯೂ ಇರುವುದಿಲ್ಲ. ಅರಸನ ದಿಗ್ವಿಜಯವನ್ನೇ ಬರೆಯುವವನಿಗೂ ಒಂದು ಪಕ್ಷವಿರುತ್ತದೆ. ತನ್ನ ವಾದಕ್ಕೆ ತುಂಬ ಒಪ್ಪುವ ಆಧಾರವೊಂದು ಸಿಕ್ಕಾಗ ಚರಿತ್ರಕಾರ ಏನು ಮಾಡುತ್ತಾನೆ ಎಂಬಲ್ಲಿ ಅವನ ಪರೀಕ್ಷೆಯಾಗುತ್ತದೆ. ನಮ್ಮ ನೆಲದ್ದೇ ಒಂದು ಉದಾಹರಣೆ ಕೊಡುತ್ತೇನೆ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ತುಗೀಸ್ ಕುದುರೆ ವ್ಯಾಪಾರಿ ನೂನಿಜ್, ರೈತರು ತಮ್ಮ ಒಡೆಯರಿಗೆ ಹತ್ತರಲ್ಲಿ ಒಂಬತ್ತು ಪಾಲು ಕೊಡುತ್ತಾರೆ ಎನ್ನುತ್ತಾನೆ. ದುಡಿದವರ ಪರವಾಗಿ ಬರೆಯುವವರಿಗೆ ಇದಕ್ಕಿಂತ ಅನುಕೂಲಕರವಾದ ವಾಕ್ಯ ಸಿಗಲಾರದು. ನಾನು ಪರಿಶೀಲಿಸಿದ ವಿದ್ಯಾರ್ಥಿ ಪ್ರಬಂಧಗಳಲ್ಲಿ ಈ ವಾಕ್ಯ ಯಾವ ಅನುಮಾನವೂ ಇಲ್ಲದೆ ಮತ್ತೆ ಮತ್ತೆ ಬಂದಿದೆ. ಆದರೆ ಹತ್ತನೆಯ ಒಂದು ಪಾಲಿನಲ್ಲಿ ಬೀಜ, ಎತ್ತಿನ ಮೇವು ಮತ್ತು ಮನೆಮಂದಿಯ ಊಟ ಎಲ್ಲವೂ ಮುಗಿಯಲು ಸಾಧ್ಯವೇ? ಈ ವ್ಯಾಪಾರಿಗೆ ಹೊಲದ ಲೆಕ್ಕ ಹೇಳಿದವರು ಯಾರು? ಅದು ನೀರಾವರಿ ಗದ್ದೆಯ ಮಾತೇ, ನಮ್ಮ ಎರೆಹೊಲದ ಮಾತೇ? ತೆರಿಗೆಯ ಭಾರವನ್ನು ಹೇಳುವ ಶಾಸನಗಳ ಜೊತೆಗೆ ಇಟ್ಟು ನೋಡಿದಾಗ ಆ ಸಂಖ್ಯೆ ನಿಲ್ಲುತ್ತದೆಯೇ?

ಈ ಪ್ರಶ್ನೆಗಳನ್ನು ಕೇಳಿದರೆ ವಿಜಯನಗರದ ರೈತನ ಕಷ್ಟ ಕಡಿಮೆಯಾಗಿಬಿಡುವುದಿಲ್ಲ. ಅದಕ್ಕೆ ಇನ್ನೂ ಗಟ್ಟಿಯಾದ ಆಧಾರಗಳಿವೆ. ಅದೇ ಸಾಮ್ರಾಜ್ಯದ ಆಳ್ವಿಕೆಯಲ್ಲಿದ್ದ ಕಾವೇರಿ ಬಯಲಿನ ತಮಿಳು ಶಾಸನಗಳು, 1429ರಲ್ಲಿ ಹಲವು ಜಾತಿಗಳ ದೊಡ್ಡ ಕೂಟಗಳಾಗಿದ್ದ ಬಲಗೈ ಮತ್ತು ಎಡಗೈ ಪಂಗಡಗಳೆರಡೂ ಒಟ್ಟುಗೂಡಿ ಅಧಿಕಾರಿಗಳ ಮತ್ತು ಭೂಒಡೆಯರ ಅತಿಯಾದ ವಸೂಲಿಗೆ ತಲೆಬಾಗುವುದಿಲ್ಲವೆಂದು ತೀರ್ಮಾನಿಸಿದ್ದನ್ನು ದಾಖಲಿಸಿವೆ. ಕೊಡುವವರೇ ಕಲ್ಲಿನಲ್ಲಿ ಕೆತ್ತಿಸಿದ ಮಾತದು. ನೂನಿಜನ ಒಂದು ಸಾಲಿಗಿಂತ ಅದರ ತೂಕ ಹೆಚ್ಚು. ಅನುಕೂಲದ ಆಧಾರವನ್ನು ಹೆಚ್ಚು ಅನುಮಾನದಿಂದ ನೋಡುವುದನ್ನು ನೀವು ರೂಢಿಸಿಕೊಂಡರೆ ಪ್ರಚಾರವೆಂಬ ಆರೋಪಕ್ಕೆ ಬೇರೆ ಉತ್ತರ ಕೊಡಬೇಕಾಗುವುದಿಲ್ಲ.

ಹಾಗಾದರೆ ಈ ದೃಷ್ಟಿ ಕಳೆದ ಕೆಲವು ದಶಕಗಳಲ್ಲಿ ಸೊರಗಿದ್ದು ಏಕೆ? ಹೊರಗಿನ ರಾಜಕೀಯ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಒಳಗಿನವು ನಿಮ್ಮ ಕೆಲಸಕ್ಕೆ ಹೆಚ್ಚು ಮುಖ್ಯ. ಚರಿತ್ರೆಗೆ ಒಂದು ಗೊತ್ತಾದ ಗುರಿಯಿದೆ ಎಂದು ನಂಬಿದವರು ಆ ಗುರಿ ಮಸುಕಾದಾಗ ದಿಕ್ಕು ತಪ್ಪಿದರು. ಕಾರ್ಮಿಕನೆಂದರೆ ಗಿರಣಿಯಲ್ಲಿ ಹಾಜರಿ ಹಾಕುವ, ತಿಂಗಳ ಸಂಬಳದ, ಸಂಘದ ಸದಸ್ಯತ್ವವಿರುವ ಗಂಡಸು ಎಂಬ ಚಿತ್ರ ಅವರ ಮನಸ್ಸಿನಲ್ಲಿತ್ತು. ಬಳ್ಳಾರಿಯಲ್ಲಿ ಮನೆಯ ಪಡಸಾಲೆಯಲ್ಲಿ ಕುಳಿತು ಜೀನ್ಸ್ ಹೊಲಿಯುವವರು, ಸಂಡೂರಿನ ಗುಡ್ಡಗಳಲ್ಲಿ ಅದಿರು ಒಡೆದ ಹೆಂಗಸರು, ಮುಂಗಡ ಹಣ ಪಡೆದು ಗುಳೆ ಹೋಗಿ ಕಟ್ಟಡ ಕಟ್ಟುವ ರಾಯಚೂರಿನ ಕುಟುಂಬಗಳು ಆ ಚಿತ್ರದಲ್ಲಿ ಎಲ್ಲಿಯೂ ಹಿಡಿಸುವುದಿಲ್ಲ. ಹೆಂಗಸರ ದುಡಿಮೆಯನ್ನು ಕಾಣದಿರುವುದು ಇಂಗ್ಲೆಂಡಿನಲ್ಲಿಯೂ ಇದ್ದ ದೋಷವೇ. ಅಲ್ಲಿ 1976ರಲ್ಲಿ ಸಮಾಜವಾದಿ ಚರಿತ್ರಕಾರರ ಪತ್ರಿಕೆ ಎಂಬ ಉಪಶೀರ್ಷಿಕೆಯೊಡನೆ ಹೊರಟ ಹಿಸ್ಟರಿ ವರ್ಕ್‌ಶಾಪ್ ನಿಯತಕಾಲಿಕವು 1982ರಲ್ಲಿ ಸ್ತ್ರೀವಾದಿ ಎಂಬುದನ್ನೂ ಸೇರಿಸಿಕೊಂಡಿತು, 1995ರಲ್ಲಿ ಉಪಶೀರ್ಷಿಕೆಯನ್ನೇ ಕೈಬಿಟ್ಟಿತು. ಹೆಸರು ಬಿಟ್ಟಿತೇ ಹೊರತು ದುಡಿಮೆಯ ಚರಿತ್ರೆಯನ್ನು ಪ್ರಕಟಿಸುವುದನ್ನು ಬಿಡಲಿಲ್ಲ. 1982ರಿಂದ ಚರಿತ್ರಕಾರ ರಣಜಿತ್ ಗುಹಾ ಮತ್ತು ಗೆಳೆಯರು ಹೊರತಂದ ಕೆಳವರ್ಗಗಳ ಅಧ್ಯಯನದ ಸಂಪುಟಗಳು ಇನ್ನೊಂದು ಕೊರತೆಯನ್ನು ತೋರಿಸಿದವು: ದಂಗೆಯೆದ್ದ ರೈತನಿಗೆ ಅವನದೇ ಆದ ತಿಳಿವಳಿಕೆಯಿತ್ತು, ಅದನ್ನು ಆರ್ಥಿಕ ಕಾರಣಗಳ ಪಟ್ಟಿಯಿಂದ ವಿವರಿಸಿ ಮುಗಿಸಲಾಗದು. ಇದನ್ನು ಮಾರ್ಕ್ಸ್‌ನ ಒಡನಾಡಿ ಏಂಗೆಲ್ಸ್ 1890ರ ಒಂದು ಪತ್ರದಲ್ಲಿಯೇ ಸೂಚಿಸಿದ್ದರು: ಆರ್ಥಿಕ ಅಂಶ ಅಂತಿಮವಾಗಿ ನಿರ್ಣಾಯಕ ಎಂಬುದನ್ನು ಅದೊಂದೇ ನಿರ್ಣಾಯಕ ಎಂದು ತಿರುಚಿದರೆ ಆ ಮಾತು ಅರ್ಥ ಕಳೆದುಕೊಳ್ಳುತ್ತದೆ ಎಂದು.

ಇನ್ನು ಜಾತಿ. ನಿಮ್ಮ ಸಂಘಟನೆಯ ಗೆಳೆಯರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಕೂಲಿ ಹೆಚ್ಚಿಸಲು ಒಟ್ಟಾಗಿ ನಿಲ್ಲಬೇಕಾದವರಿಗೆ ಒಗ್ಗಟ್ಟು ಹೊಟ್ಟೆಪಾಡಿನ ವಿಷಯ. ಆದರೂ ಅವರ ಸಲಹೆಯನ್ನು ನೀವು ಒಪ್ಪಬಾರದು. ಜಾತಿ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿಯೇ ಹೇಳಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು 1955ರ ತಮ್ಮ ಚರಿತ್ರೆಯ ಸಿದ್ಧಾಂತದಲ್ಲಿ, ಸಮಾಜಗಳು ಸಡಿಲವಾದ ವರ್ಗಕ್ಕೂ ಗಡುಸಾದ ಜಾತಿಗೂ ನಡುವೆ ತೂಗಾಡುತ್ತವೆ ಎಂದರು. ಕರ್ನಾಟಕದಲ್ಲಿ ಸಮಾಜವಾದಿಗಳೆಂದರೆ ಹೆಚ್ಚಾಗಿ ಈ ಲೋಹಿಯಾ ಪರಂಪರೆಯವರೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರೊಡನೆ ನಿಂತವರು, 1973ರಲ್ಲಿ ನಮ್ಮ ಸಂಡೂರಿನ ಭೂಹೋರಾಟದಲ್ಲಿ ಪಾಲ್ಗೊಂಡವರು ಈ ಪರಂಪರೆಗೆ ಸೇರಿದವರು. ಮಾರ್ಕ್ಸ್‌ವಾದಿ ಮತ್ತು ಲೋಹಿಯಾ ಪರಂಪರೆಗಳೆರಡನ್ನೂ ಓದಿ ಬರೆಯುವ ಅವಕಾಶ ಕನ್ನಡದ ಸಂಶೋಧಕನಿಗೆ ಸಹಜವಾಗಿಯೇ ಇದೆ. ಅದನ್ನು ಕಳೆದುಕೊಳ್ಳಲು ಯಾವ ಕಾರಣವೂ ಇಲ್ಲ.

ನಿಮ್ಮ ಊರನ್ನೇ ತೆಗೆದುಕೊಳ್ಳಿ. ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳ ಜಂಟಿ ಯೋಜನೆಯಾಗಿ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆಯನ್ನು ವಿಸ್ತಾರವಾದ ಪ್ರದೇಶಕ್ಕೆ ತೆಳುವಾಗಿ ನೀರು ಹಂಚಿ, ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ಬರದಿಂದ ಉಳಿಸಬೇಕೆಂದು ಮುಖ್ಯವಾಗಿ ರೂಪಿಸಲಾಗಿತ್ತು. ಹೊಲ ಮಟ್ಟ ಮಾಡಲು, ಬದು ಕಟ್ಟಲು ಬೇಕಾದ ಹಣ ಸ್ಥಳೀಯರಲ್ಲಿ ಹಲವರ ಬಳಿ ಇರಲಿಲ್ಲ. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಭತ್ತದ ಬೇಸಾಯವನ್ನೂ ಕೈಯಲ್ಲಿ ಹಣವನ್ನೂ ಹೊಂದಿದ್ದ ಕುಟುಂಬಗಳು ಬಂದು ಅಗ್ಗಕ್ಕೆ ಜಮೀನು ಕೊಂಡವು, ಕ್ಯಾಂಪುಗಳಾದವು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಂತೆ ಕೆಳಭಾಗದಲ್ಲಿ ನೀರು ಕಡಿಮೆಯಾಯಿತು.

ಇದನ್ನು ಜಮೀನುದಾರ ಮತ್ತು ಕೂಲಿಕಾರ ಎಂಬ ಎರಡೇ ಪಂಗಡಗಳಲ್ಲಿ ಬರೆಯಲು ಹೋದರೆ ಏನೇನು ಬಿಟ್ಟುಹೋಗುತ್ತದೆ ನೋಡಿ. ಇಪ್ಪತ್ತು ಎಕರೆಯ ಒಡೆಯನಾದರೂ ಕಾಲುವೆಯ ಕೊನೆಯಲ್ಲಿರುವವನು ನೀರಿನ ಮಟ್ಟಿಗೆ ಬಡವ. ಐದು ಎಕರೆಯವನು ತೂಬಿನ ಪಕ್ಕದಲ್ಲಿದ್ದರೆ ಎರಡು ಬೆಳೆ ತೆಗೆಯುತ್ತಾನೆ. ಕೂಲಿ ಒಂದೇ ಆದರೂ ನೀರು ಕುಡಿಯುವ ಲೋಟ ಒಂದೇ ಆಗಿತ್ತೇ, ನಾಟಿಯ ತಂಡಗಳು ಓಣಿವಾರು ಕಟ್ಟಿಕೊಂಡವೇ, ಕ್ಯಾಂಪಿನ ಹೊಸ ಒಡೆಯ ಊರಿನ ಹಳೆಯ ಬಿಟ್ಟಿ ಪದ್ಧತಿಯನ್ನು ಮುಂದುವರಿಸಿದನೇ ಅಥವಾ ನಗದು ಕೂಲಿ ಕೊಟ್ಟು ಗೌಡರ ಹಿಡಿತವನ್ನು ಸಡಿಲಿಸಿದನೇ? ಕೊನೆಯ ಪ್ರಶ್ನೆ ನನಗೆ ವಿಶೇಷವಾಗಿ ಮುಖ್ಯವೆನಿಸುತ್ತದೆ. ಭೂಮಿಯಿಲ್ಲದ ದಲಿತ ಕುಟುಂಬವೊಂದಕ್ಕೆ ದೂರದಿಂದ ಬಂದ ಬಂಡವಾಳವು ಶೋಷಣೆಯೂ ಆಗಿ, ಊರಿನ ಕಟ್ಟಿನಿಂದ ಒಂದಿಷ್ಟು ಬಿಡುಗಡೆಯೂ ಆಗಿ ಒಟ್ಟಿಗೇ ಕಂಡಿರಬಹುದು. ನಿಮ್ಮ ಅಜ್ಜ ಎಂದು, ಏಕೆ ಸಂಬಳದಾಳಿನ ಕೆಲಸ ಬಿಟ್ಟರು ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ಇದಕ್ಕೆ ಸಿಗುವ ಉತ್ತರ ನಿಮ್ಮ ಗೆಳೆಯರಿಗೆ ಇಷ್ಟವಾಗಬಹುದು, ಆಗದೆಯೂ ಇರಬಹುದು; ಎರಡಕ್ಕೂ ಸಿದ್ಧರಿರಬೇಕು.

ನೀರಿನ ಜೊತೆಗೆ ಮಣ್ಣನ್ನೂ ಮರೆಯಬೇಡಿ. ಉತ್ಪಾದನೆ ಹೆಚ್ಚಿದ್ದನ್ನೇ ಮುನ್ನಡೆಯೆಂದು ಎಣಿಸುವುದು ಹಳೆಯ ಸಮಾಜವಾದಿ ಚರಿತ್ರೆಯ ದೊಡ್ಡ ಕುರುಡುತನವಾಗಿತ್ತು. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1992ರಲ್ಲಿ ಉತ್ಪಾದನಾ ವಿಧಾನದ ಜೊತೆಗೆ ಸಂಪನ್ಮೂಲ ಬಳಕೆಯ ವಿಧಾನವನ್ನೂ ಸೇರಿಸಬೇಕೆಂದು ವಾದಿಸಿದ್ದು ಈ ಕೊರತೆಯನ್ನು ಕಂಡೇ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಗುಡ್ಡ ಉಳಿಯಿತೆಂದು ಸಮಾಧಾನಪಟ್ಟವರೂ ಕೆಲಸ ಹೋಯಿತೆಂದು ಕಂಗಾಲಾದವರೂ ಒಂದೇ ಹಳ್ಳಿಯಲ್ಲಿದ್ದರು. ಎರಡನ್ನೂ ಒಟ್ಟಿಗೆ ಬರೆಯಬಲ್ಲ ಚರಿತ್ರೆ ನಮ್ಮ ಜಿಲ್ಲೆಗಳಿಗೆ ಬೇಕಾಗಿದೆ. ನಿಮ್ಮಲ್ಲಿ ಅದರ ರೂಪ ಸವಳು ಜವಳು ಹತ್ತಿದ, ಅಂದರೆ ಉಪ್ಪುಗಟ್ಟಿ ನೀರು ನಿಂತು ಕೆಟ್ಟ ಭೂಮಿ.

ಕಾಗದವೇ ಇಲ್ಲ ಎಂಬುದು ಅರ್ಧ ಸತ್ಯ. ನಿಮ್ಮ ಊರಿನಲ್ಲಿ ಇಲ್ಲ. ಬೇರೆಡೆ, ಬೇರೆ ಭಾಷೆಯಲ್ಲಿ, ಬೇರೆಯವರ ಬಾಯಲ್ಲಿ ಇದೆ. ನಮ್ಮ ಮೂರು ಜಿಲ್ಲೆಗಳ ಸಂಶೋಧಕರಿಗೆ ಇರುವ ನಿಜವಾದ ತೊಡಕು ಇದು. ಬಳ್ಳಾರಿ 1800ರಲ್ಲಿ ನಿಜಾಮನಿಂದ ಕಂಪನಿಗೆ ಹೋಗಿ, ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಅವರ, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಕಂಡು, 1953ರವರೆಗೆ ಮದ್ರಾಸಿನಲ್ಲಿತ್ತು. ಅದರ ಹಳೆಯ ಕಂದಾಯ ಕಡತಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು. ರಾಯಚೂರು ಮತ್ತು ಇಂದಿನ ಕೊಪ್ಪಳ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದವು. ಅಲ್ಲಿನ ಕಾಗದಗಳು ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿ, ಹೆಚ್ಚಾಗಿ ಪಾರಸಿ ಮತ್ತು ಉರ್ದುವಿನಲ್ಲಿವೆ. ಉರ್ದು ಓದಲು ಬಾರದೆಂಬ ಒಂದೇ ಕಾರಣಕ್ಕೆ ಕಲ್ಯಾಣ ಕರ್ನಾಟಕದ ರೈತರ ಚರಿತ್ರೆಯನ್ನು ಇಂಗ್ಲಿಷ್ ವರದಿಗಳಿಂದಲೇ ಬರೆಯುವುದನ್ನು ಕಂಡು ನನಗೆ ನೋವಾಗುತ್ತದೆ. ಕಂದಾಯ ಕಡತದ ಉರ್ದು ಒಂದು ಸೀಮಿತ ಪದಸಂಗ್ರಹ, ಛಲವಿದ್ದರೆ ಕಲಿಯಬಹುದು.

ತಾಲ್ಲೂಕು ಕಚೇರಿಯಲ್ಲಿ ಹುಡುಕಬೇಕಾದವೂ ಇವೆ. ಹೈದರಾಬಾದು ಕಾಲದ ಖಾಸ್ರಾ ಪಹಣಿಯಿಂದ ಆರಂಭಿಸಿ ಪಹಣಿಗಳನ್ನೂ ಹಕ್ಕು ಬದಲಾವಣೆಯ ವಹಿಗಳನ್ನೂ ಸರ್ವೆ ನಂಬರುವಾರು ಹಿಂಬಾಲಿಸಿದರೆ ಕಾಲುವೆ ಬಂದ ದಶಕದಲ್ಲಿ ಯಾವ ಹೊಲ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ತಿಳಿಯುತ್ತದೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಏಳನೆಯ ನಮೂನೆಯಲ್ಲಿ ಸಲ್ಲಿಸಿದ ಅರ್ಜಿಗಳು ಮತ್ತು ಭೂನ್ಯಾಯ ಮಂಡಳಿಯ ಆದೇಶಗಳು ಕರ್ನಾಟಕದ ರೈತ ಚರಿತ್ರೆಯ ಅಮೂಲ್ಯ ಆಧಾರಗಳು, ಏಕೆಂದರೆ ಅಲ್ಲಿ ಉಳುವವನೇ ತಾನು ಎಂದಿನಿಂದ, ಯಾವ ಕರಾರಿನ ಮೇಲೆ ಉತ್ತೆನೆಂದು ಹೇಳಿಕೆ ಕೊಟ್ಟಿದ್ದಾನೆ. ಆದರೆ ಒಂದು ಎಚ್ಚರಿಕೆ ಬೇಕು. ಕೋರಿಗೆ (ಬೆಳೆಯ ಪಾಲಿಗೆ), ಲಾವಣಿಗೆ (ಗೇಣಿಗೆ) ಹೊಲ ಹಿಡಿದವನಿಗೆ ಅರ್ಜಿಯ ದಾರಿಯಿತ್ತು; ನಿಮ್ಮ ಅಜ್ಜನಂತೆ ವರ್ಷದ ಸಂಬಳಕ್ಕಿದ್ದವರಿಗೆ ಆ ದಾರಿಯಿರಲಿಲ್ಲ. ಉಳುವವನೇ ಒಡೆಯ ಎಂಬ ಘೋಷಣೆಯ ಹೊರಗೆ ಉಳಿದವರು ಎಷ್ಟು ಮಂದಿ ಎಂದು ಆ ಕಡತಗಳು ಹೇಳುವುದಿಲ್ಲ, ಮತ್ತು ಅವನ್ನಷ್ಟೇ ನಂಬಿದ ಚರಿತ್ರೆಯೂ ಹೇಳುವುದಿಲ್ಲ. ಅವರನ್ನು ಶಾಲೆಯ ದಾಖಲಾತಿ ವಹಿಯ ತಂದೆಯ ಉದ್ಯೋಗದ ಅಂಕಣದಲ್ಲಿ, ಜನನ ಮರಣ ನೋಂದಣಿಯಲ್ಲಿ, ಅಂಗಡಿಯ ಉದ್ರಿ ಲೆಕ್ಕದಲ್ಲಿ ಹುಡುಕಬೇಕು. ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ ಮೊದಲ ಹಂತದಲ್ಲಿಯೇ ಬಂದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕೂಲಿಕಾರರ ಹೆಸರು, ದುಡಿದ ದಿನ, ಕೊಟ್ಟ ಕೂಲಿ ಮೂರೂ ಅದರ ಹಾಜರಿ ಪಟ್ಟಿಗಳಲ್ಲಿವೆ. ಅದರಲ್ಲಿ ಸುಳ್ಳು ಹಾಜರಿಯೂ ಇರಬಹುದು, ಆದ್ದರಿಂದ ಊರಿನವರ ಮುಂದೆ ಓದಿ ತಾಳೆ ನೋಡಿ.

ಎದುರಾಳಿಯ ಕಾಗದದಿಂದ ದುಡಿದವರ ಬದುಕನ್ನು ಓದುವುದಕ್ಕೆ ಬಳ್ಳಾರಿಯ 1876–78ರ ಧಾತು ಈಶ್ವರ ಬರದ ಕಡತಗಳು ಒಳ್ಳೆಯ ತರಬೇತಿ. 1877ರಲ್ಲಿ ಭಾರತ ಸರ್ಕಾರದ ಬರ ಪ್ರತಿನಿಧಿ ರಿಚರ್ಡ್ ಟೆಂಪಲ್ ಬರ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದರು. ಅಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಮದ್ರಾಸಿನ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಷ್ ವಾದಿಸಿದರು. ಇಬ್ಬರೂ ಆಳುವವರೇ. ಆದರೆ ಅವರ ಜಗಳದ ನಡುವೆ, ಯಾರ ಹೆಸರೂ ಬರೆಯದ ಕೂಲಿಕಾರರ ಹಸಿವು ಸರ್ಕಾರಿ ಭಾಷೆಯಲ್ಲಿಯೇ ದಾಖಲಾಯಿತು.

ಬಾಯಿಮಾತಿನ ಸಾಕ್ಷ್ಯದ ಬಗ್ಗೆ ನಿಮ್ಮ ಮಾರ್ಗದರ್ಶಕರು ಆಕ್ಷೇಪಿಸಬಹುದು. ಅವರಿಗೆ ಇಟಲಿಯ ಉಕ್ಕಿನ ಪಟ್ಟಣ ತೆರ್ನಿಯ ಉದಾಹರಣೆ ಕೊಡಿ. ಅಲ್ಲಿ ಲುಯಿಜಿ ತ್ರಾಸ್ತುಲಿ ಎಂಬ ಕಾರ್ಮಿಕ 1949ರಲ್ಲಿ ನೇಟೋ ಒಪ್ಪಂದದ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರಿಂದ ಸತ್ತ. ಆದರೆ ಅನೇಕ ಕಾರ್ಮಿಕರು ಅವನು 1953ರಲ್ಲಿ, ಸಾಮೂಹಿಕವಾಗಿ ಕೆಲಸದಿಂದ ತೆಗೆದಾಗಿನ ಗಲಭೆಯಲ್ಲಿ ಸತ್ತನೆಂದು ನೆನೆಯುತ್ತಿದ್ದರು. ಮೌಖಿಕ ಚರಿತ್ರೆಯ ವಿದ್ವಾಂಸ ಅಲೆಸ್ಸಾಂದ್ರೊ ಪೋರ್ತೆಲಿ ಈ ತಪ್ಪನ್ನು ತಿದ್ದಿ ಸುಮ್ಮನಾಗಲಿಲ್ಲ, ಆ ತಪ್ಪಿಗೆ ಕಾರಣ ಹುಡುಕಿದರು: ತಮ್ಮ ಬದುಕು ಮುರಿದ ಗಳಿಗೆಯೊಡನೆ ಆ ಸಾವನ್ನು ಸೇರಿಸಿದಾಗ ಮಾತ್ರ ಅದು ಅವರಿಗೆ ಅರ್ಥಪೂರ್ಣವಾಗುತ್ತಿತ್ತು. ನಿಮ್ಮ ಓಣಿಯ ಹಿರಿಯರೂ ಕಾಲುವೆ ಬಂದ ವರ್ಷವನ್ನು, ರಜಾಕಾರರ ಹಾವಳಿಯನ್ನು, ಬರಗಾಲವನ್ನು ಒಂದಕ್ಕೊಂದು ಬೆರೆಸಿ ಹೇಳಬಹುದು. ದಿನ ವಾರವನ್ನು ಕಡತದಿಂದ ಸರಿಪಡಿಸಿ, ಆದರೆ ಅವರು ಹೇಳಿದ ಕ್ರಮವನ್ನೂ ಹಾಗೆಯೇ ಉಳಿಸಿಕೊಂಡು ಅದು ಏಕೆ ಹಾಗಾಯಿತೆಂದು ಕೇಳಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಇಡೀ ಎಡದಂಡೆಯ ಭೂಒಡೆತನವನ್ನು ಅಂಕಿಅಂಶಗಳಿಂದ ಬರೆಯುವುದು ವಿಶ್ವವಿದ್ಯಾಲಯಕ್ಕೆ ಸುಲಭವಾಗಿ ಒಪ್ಪಿಗೆಯಾಗುತ್ತದೆ. ಅದರಲ್ಲಿ ನಿಮ್ಮ ತಾಯಿ ಒಂದು ಅಂಕಿಯಾಗಿ ಕರಗಿಹೋಗುವ ಅಪಾಯವಿದೆ, ಒಬ್ಬರೇ ಮುಗಿಸುವುದೂ ಕಷ್ಟ. ಸಂಘಟನೆಯ ಹೋರಾಟದ ಚರಿತ್ರೆ ಬರೆಯುವುದು ಇನ್ನೊಂದು ದಾರಿ. ಕಾಗದ, ಕರಪತ್ರ, ಜನ ಎಲ್ಲವೂ ಸಿಗುತ್ತವೆ, ಆದರೆ ನಾಯಕರ ಸ್ಮರಣಸಂಚಿಕೆಯಾಗಿಬಿಡುತ್ತದೆ, ಸೋತ ಮುಷ್ಕರಗಳೂ ಸಂಘಕ್ಕೆ ಸೇರದವರೂ ಮರೆಯಾಗುತ್ತಾರೆ. ನಾನು ಆರಿಸಿಕೊಳ್ಳುವುದಾದರೆ ಒಂದೇ ಊರು, ಅದರ ಪಕ್ಕದ ಒಂದು ಕ್ಯಾಂಪು ಮತ್ತು ಅವೆರಡಕ್ಕೂ ನೀರು ಕೊಡುವ ಒಂದು ವಿತರಣಾ ಕಾಲುವೆಯನ್ನು ಆರಿಸಿಕೊಳ್ಳುತ್ತೇನೆ. ಇಷ್ಟು ಸಣ್ಣ ಜಾಗದಲ್ಲಿ ಕಡತ, ಹೊಲ ಮತ್ತು ಮಾತು ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಬಹುದು. ಇದರ ಅಪಾಯ, ಒಂದು ಊರಿನಿಂದ ಇಡೀ ಸೀಮೆಯ ಬಗ್ಗೆ ಎಷ್ಟು ಹೇಳಬಹುದೆಂಬ ಪ್ರಶ್ನೆ. ಮೇಲ್ಭಾಗದ ಗಂಗಾವತಿ ಕಡೆಯ ಒಂದು ಊರನ್ನು ಹೋಲಿಕೆಗಾಗಿ ಸಂಕ್ಷಿಪ್ತವಾಗಿ ಸೇರಿಸಿಕೊಂಡರೆ ಆ ಪ್ರಶ್ನೆಯನ್ನು ತಕ್ಕಮಟ್ಟಿಗೆ ಎದುರಿಸಬಹುದು. ಕ್ಯಾಂಪಿನವರನ್ನೂ ಅಷ್ಟೇ ತಾಳ್ಮೆಯಿಂದ ಕೇಳಿ. ಅವರಲ್ಲಿಯೂ ಸಾಲ ಮಾಡಿ ಬಂದು ಎಲ್ಲವನ್ನೂ ಕಳೆದುಕೊಂಡವರಿದ್ದಾರೆ, ಅವರ ಹೊಲದಲ್ಲಿಯೇ ಕೂಲಿಗೆ ಬಂದು ನೆಲೆಸಿದ ಅವರೂರಿನ ದಲಿತರಿದ್ದಾರೆ.

ಪ್ರಬಂಧದ ಶೀರ್ಷಿಕೆಯಲ್ಲಿ ಸಮಾಜವಾದಿ ಎಂಬ ಪದ ಇರಬೇಕೇ ಎಂಬುದು ನಿಮ್ಮ ಪತ್ರದಿಂದ ನೇರವಾಗಿ ಏಳುವ ಪ್ರಶ್ನೆ. ಶೀರ್ಷಿಕೆ ವಿಷಯವನ್ನು ಹೇಳಲಿ: ನೀರು, ಭೂಮಿ, ಕೂಲಿ, ಊರು, ಅವಧಿ. ಪೀಠಿಕೆಯಲ್ಲಿ ನಿಮ್ಮ ನಿಲುವನ್ನು, ನೀವು ಆ ಓಣಿಯವರೇ ಎಂಬುದನ್ನು ಮತ್ತು ಕೊಸಾಂಬಿ, ಅಂಬೇಡ್ಕರ್, ಲೋಹಿಯಾ ಇವರಲ್ಲಿ ಯಾರಿಂದ ಯಾವ ಪ್ರಶ್ನೆಯನ್ನು ಪಡೆದಿರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ನಿಲುವನ್ನು ಮರೆಮಾಚಿದವರ ಮೇಲೆ ಬರುವಷ್ಟು ಅನುಮಾನ ಅದನ್ನು ಹೇಳಿಕೊಂಡವರ ಮೇಲೆ ಬರುವುದಿಲ್ಲವೆಂಬುದನ್ನು ಮೌಖಿಕ ಪರೀಕ್ಷೆಗಳಲ್ಲಿ ಕಂಡಿದ್ದೇನೆ.

ಕೊನೆಯದಾಗಿ ಒಂದು ಅಪಾಯ, ನೀವು ಪತ್ರದಲ್ಲಿ ಬರೆಯದೇ ಇದ್ದದ್ದು. ನಿಮ್ಮ ತಾಯಿ ಇಂದಿಗೂ ನಾಟಿಗೆ ಹೋಗುವ ಹೊಲದ ಒಡೆಯರ ಬಗ್ಗೆ ನೀವು ಬರೆಯಲಿದ್ದೀರಿ. ಹೇಳಿಕೆ ಕೊಟ್ಟವರ ಕೆಲಸ, ಸಾಲ, ಹೆಣ್ಣುಮಕ್ಕಳ ಮಾನ ಇವು ನಿಮ್ಮ ಪದವಿಗಿಂತ ದೊಡ್ಡವು. ಧ್ವನಿಮುದ್ರಣಕ್ಕೆ ಮೊದಲು ಒಪ್ಪಿಗೆ ಕೇಳಿ, ಮುದ್ರಿಸುವ ಮೊದಲು ಅವರವರ ಮಾತನ್ನು ಅವರಿಗೇ ಓದಿ ಹೇಳಿ, ಬೇಡವೆಂದವರ ಮಾತನ್ನು ಎಷ್ಟೇ ಬೆಲೆಯುಳ್ಳದ್ದಾದರೂ ತೆಗೆದುಬಿಡಿ. ಬದುಕಿರುವವರ ಹೆಸರುಗಳನ್ನೂ ಗುರುತು ಸಿಗುವ ಸರ್ವೆ ನಂಬರುಗಳನ್ನೂ ಬದಲಿಸಿ, ಮೂಲದ ಪ್ರತಿಯನ್ನು ಮಾರ್ಗದರ್ಶಕರ ಬಳಿ ಮೊಹರು ಮಾಡಿ ಇಡಿ. ಭೂನ್ಯಾಯ ಮಂಡಳಿಯ ಕಡತಗಳಿಗೆ ಮಾಹಿತಿ ಹಕ್ಕಿನ ಅರ್ಜಿಯನ್ನು ಈ ತಿಂಗಳೇ ಹಾಕಿ, ಏಕೆಂದರೆ ಉತ್ತರ ಬರುವುದು ತಡವಾಗುತ್ತದೆ. ಆ ಕಾಯುವ ಸಮಯದಲ್ಲಿ, ಅಣೆಕಟ್ಟೆಯ ಕಲ್ಲು ಹೊತ್ತು ಸುಣ್ಣ ಸುರ್ಕಿಯ ಗಾರೆ ಕಲಸಿದವರು ನಿಮ್ಮ ಸುತ್ತಿನ ಊರುಗಳಲ್ಲಿ ಯಾರಾದರೂ ಉಳಿದಿದ್ದರೆ, ಅವರಿಗೆ ಈಗ 90 ದಾಟಿರುತ್ತದೆ. ಉಳಿದೆಲ್ಲರಿಗಿಂತ ಮೊದಲು ಅವರ ಮನೆಗೆ ಹೋಗಿ.